ಕಡಲಕಳೆಯಲ್ಲಿ ಹಾಳೆ ಕಂಡ ರಸಾಯನಶಾಸ್ತ್ರಜ್ಞ

ದಂತವೈದ್ಯರ ಬಳಿ ಹಲ್ಲಿನ ಅಚ್ಚು ತೆಗೆಸಿಕೊಂಡವರಿಗೆ ಆ ಲೋಳೆಯಂಥ ಹಿಟ್ಟಿನ ಪರಿಚಯವಿದೆ. ಅದರ ಮೂಲ ಕಡಲಕಳೆ. ಪ್ಲಾಸ್ಟಿಕ್‌ಗೆ ಬದಲಾಗಿ ಮಣ್ಣಿನಲ್ಲಿ ಕರಗಿಹೋಗುವ ಹಾಳೆಗಳನ್ನು ತಯಾರಿಸಲು ಇಂದು ಬಳಸುತ್ತಿರುವ ವಸ್ತುಗಳಲ್ಲಿ ಅದೂ ಒಂದು. ಆಲ್ಜಿನ್ ಎಂಬ ಈ ವಸ್ತುವನ್ನು ಮೊದಲು ಬೇರ್ಪಡಿಸಿದವರು ಬ್ರಿಟನ್ನಿನ ಎಡ್ವರ್ಡ್ ಚಾರ್ಲ್ಸ್ ಕಾರ್ಟಿಸ್ ಸ್ಟ್ಯಾನ್‌ಫರ್ಡ್.

1837ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಸ್ಟ್ಯಾನ್‌ಫರ್ಡ್ ಬೆಳೆಯುವ ಹೊತ್ತಿಗೆ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಕಡಲಕಳೆ ಉದ್ಯಮ ಸೊರಗಿತ್ತು. ಗಾಜು ಮತ್ತು ಸಾಬೂನಿಗೆ ಬೇಕಾದ ಕ್ಷಾರಕ್ಕಾಗಿ ಅಲ್ಲಿನ ಬಡಜನರು ಕಳೆಯನ್ನು ಒಣಗಿಸಿ ಸುಟ್ಟು ಬೂದಿ ಮಾಡುತ್ತಿದ್ದರು. ಒಂದು ಟನ್ ಬೂದಿಗೆ ಸುಮಾರು 20 ಟನ್ ಹಸಿ ಕಳೆ ಬೇಕಾಗುತ್ತಿತ್ತು. ಅಗ್ಗದ ಕ್ಷಾರ ಮಾರುಕಟ್ಟೆಗೆ ಬಂದೊಡನೆ ಬೆಲೆ ಕುಸಿಯಿತು. ಅನೇಕ ಕುಟುಂಬಗಳು ಊರು ತೊರೆದವು. ಉಳಿದವರಿಗೆ ಬೂದಿಯಲ್ಲಿನ ಅಯೋಡಿನ್ ಒಂದೇ ಆಸರೆಯಾಯಿತು.

ತೆರೆದ ಬೆಂಕಿಯಲ್ಲಿ ಸುಟ್ಟಾಗ ಆ ಅಯೋಡಿನ್‌ನಲ್ಲಿ ಸಾಕಷ್ಟು ಹೊಗೆಯೊಡನೆ ಹಾರಿಹೋಗುತ್ತದೆ ಎಂಬುದನ್ನು ಸ್ಟ್ಯಾನ್‌ಫರ್ಡ್ ಗಮನಿಸಿದರು. ಕಳೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಅಯೋಡಿನ್ ಉಳಿಯುವುದಲ್ಲದೆ ಇದ್ದಿಲು, ಡಾಂಬರು, ಅಮೋನಿಯಾಗಳೂ ದೊರೆಯುತ್ತವೆ ಎಂದು 1862ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಪ್ರಬಂಧ ಮಂಡಿಸಿದರು. ಅದೇ ವರ್ಷ ಅದೇ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ತಮ್ಮ ಪಾರ್ಕೆಸೀನ್ ಎಂಬ ವಸ್ತುವನ್ನು ಜನರ ಮುಂದಿಟ್ಟಿದ್ದರು. ಪ್ಲಾಸ್ಟಿಕ್ಕಿನ ಚರಿತ್ರೆ ಆರಂಭವಾಗುವುದು ಅಲ್ಲಿಂದಲೇ.

ಸ್ಟ್ಯಾನ್‌ಫರ್ಡ್ ತಮ್ಮ ವಿಧಾನವನ್ನು ಕಾಗದದಲ್ಲೇ ಬಿಡಲಿಲ್ಲ. ಕಂಪನಿ ಕಟ್ಟಿ ಟೈರೀ ಮತ್ತು ನಾರ್ತ್ ಯುಯಿಸ್ಟ್ ದ್ವೀಪಗಳಲ್ಲಿ ಕೆಲಸ ಆರಂಭಿಸಿದರು. ಆದರೆ ಚಿಲಿ ದೇಶದ ಗಣಿಗಳಿಂದ ಅಗ್ಗದ ಅಯೋಡಿನ್ ಬರತೊಡಗಿ ಈ ಆಸರೆಯೂ ಅಲುಗಾಡಿತು. ಕಳೆಯಲ್ಲಿ ಬೇರೇನಿದೆ ಎಂದು ಹುಡುಕುವುದು ಅವರಿಗೆ ಅನಿವಾರ್ಯವಾಯಿತು.

ಸುಡುವ ಬದಲು ಅವರು ಕಳೆಯನ್ನು ಸೋಡಾ ದ್ರಾವಣದಲ್ಲಿ ನೆನೆಸಿದರು. ಎಲೆಗಳು ಉಬ್ಬಿ, ಒಡೆದು, ಅಂಟಂಟಾದ ಗಂಜಿಯಂತಾದವು. ಅದನ್ನು ಸೋಸಿ ಆಮ್ಲ ಬೆರೆಸಿದಾಗ ಹೊಸ ವಸ್ತುವೊಂದು ಗರಣೆಗಟ್ಟಿತು. ಇದಕ್ಕೆ 1881ರಲ್ಲಿ ಪೇಟೆಂಟ್ ಪಡೆದ ಅವರು, 1883ರಲ್ಲಿ ಆಲ್ಜಿನ್ ಕುರಿತು ವಿವರವಾದ ಲೇಖನ ಪ್ರಕಟಿಸಿದರು. ಇದರ ದ್ರಾವಣವನ್ನು ತೆಳ್ಳಗೆ ಹರಡಿ ಒಣಗಿಸಿದರೆ ಪಾರದರ್ಶಕ ಹಾಳೆ ಉಳಿಯುತ್ತದೆ. ನೀರು ತಾಗಿದರೆ ಹಾಳೆ ಕರಗುತ್ತದೆ. ಕ್ಯಾಲ್ಸಿಯಂ ಲವಣದ ನೀರಿನಲ್ಲಿ ಅದ್ದಿದರೆ ಕರಗದಂತೆ ಗಟ್ಟಿಯಾಗುತ್ತದೆ. ಇಂದಿನ ಪ್ರಯೋಗಾಲಯಗಳು ಅನುಸರಿಸುವ ಕ್ರಮವೂ ಹೆಚ್ಚುಕಡಿಮೆ ಇದೇ. ಹಾಳೆ ಮುರುಟದಿರಲೆಂದು ಗ್ಲಿಸರಿನ್ ಸೇರಿಸುತ್ತಾರೆ.

ಸ್ಟ್ಯಾನ್‌ಫರ್ಡ್ ಪಡೆದ ಆಲ್ಜಿನ್ ಶುದ್ಧವಾಗಿರಲಿಲ್ಲ. ಸಾರಜನಕವೂ ಅದರ ಅಂಗವೆಂದೇ ಅವರು ಭಾವಿಸಿದ್ದರು. ನಾರ್ವೆಯ ಅಕ್ಸೆಲ್ ಕ್ರೆಫ್ಟಿಂಗ್ 1896ರಲ್ಲಿ ಶುದ್ಧ ರೂಪವನ್ನು ಪಡೆದು ಅದರಲ್ಲಿ ಸಾರಜನಕವಿಲ್ಲವೆಂದು ತೋರಿಸಿದರು. ಮೂರು ವರ್ಷಗಳ ನಂತರ, 1899ರಲ್ಲಿ, ಸ್ಟ್ಯಾನ್‌ಫರ್ಡ್ ನಿಧನರಾದರು. ಬಟ್ಟೆಯ ಗಂಜಿಗೂ ಆಹಾರಕ್ಕೂ ಆಲ್ಜಿನ್ ಒದಗೀತು ಎಂಬ ಅವರ ನಿರೀಕ್ಷೆ ಅವರ ಜೀವಿತಕಾಲದಲ್ಲಿ ದೊಡ್ಡ ಉದ್ಯಮವಾಗಲಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1929ರಲ್ಲಿ ವಾಣಿಜ್ಯ ತಯಾರಿಕೆ ಆರಂಭವಾದ ಮೇಲಷ್ಟೇ ಅದು ಐಸ್‌ಕ್ರೀಂ, ಬಟ್ಟೆಯ ಮುದ್ರಣ, ಗಾಯದ ಪಟ್ಟಿಗಳವರೆಗೆ ಹರಡಿತು.

ಹಾಳೆಯ ಸರದಿ ಬಂದದ್ದು ಇನ್ನೂ ತಡವಾಗಿ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಓಟಗಾರರಿಗೆ ಕಡಲಕಳೆಯ ಪೊರೆಯೊಳಗೆ ಪಾನೀಯ ನೀಡಿದ ನಾಟ್‌ಪ್ಲಾ ಸಂಸ್ಥೆ 2022ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿ ಗಳಿಸಿತು. ಅದೇ ವರ್ಷ ಜುಲೈ 1ರಿಂದ ಭಾರತವು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ 2016ರಲ್ಲೇ ನಿಷೇಧ ಬಂದಿತ್ತು. ನಿಷೇಧವಾದದ್ದಕ್ಕೆ ಬದಲಿ ಯಾವುದು ಎಂಬ ಪ್ರಶ್ನೆ ತರಕಾರಿ ಅಂಗಡಿಯ ಮುಂದೆ ನಿಂತ ಪ್ರತಿಯೊಬ್ಬರದೂ ಹೌದು. ಬೆಲೆ ಮತ್ತು ತೇವ, ಈ ಎರಡು ತೊಡಕುಗಳನ್ನು ಕಡಲಕಳೆಯ ಹಾಳೆ ಇನ್ನೂ ಪೂರ್ತಿ ಗೆದ್ದಿಲ್ಲ. 1862ರಲ್ಲಿ ಲಂಡನ್ನಿನಲ್ಲಿ ಕಾಣಿಸಿಕೊಂಡ ಎರಡು ದಾರಿಗಳಲ್ಲಿ ಜಗತ್ತು ಆಯ್ದುಕೊಂಡದ್ದು ಪಾರ್ಕ್ಸ್ ಅವರದನ್ನು. ಬಿಟ್ಟುಹೋದ ಸ್ಟ್ಯಾನ್‌ಫರ್ಡ್ ದಾರಿಗೆ ಮರಳುವ ಯತ್ನ ಈಗ ನಡೆದಿದೆ.