ಶ್ರೀರಂಗಪಟ್ಟಣದ ಸೆರೆಯಾಳು: ಜನರಲ್ ಡೇವಿಡ್ ಬೇಯರ್ಡ್

ರಜೆಯ ಮೇಲೆ ಊರಿಗೆ ಹೋಗುವ ನಮ್ಮ ವಾಚಕರಲ್ಲಿ ಮೈಸೂರಿನ ಕಡೆಯವರು ಶ್ರೀರಂಗಪಟ್ಟಣವನ್ನು ದಾಟಿ ಹೋಗುವವರೇ. ರೈಲು ಕಾವೇರಿಯನ್ನು ಹಾಯ್ದು ಕೋಟೆಯ ಒಳಗಿನಿಂದಲೇ ಸಾಗುತ್ತದೆ. ಅಲ್ಲಿ ಇಳಿದು ದರಿಯಾ ದೌಲತ್ ಅರಮನೆಯನ್ನು ಕಂಡವರು ಅದರ ಪಶ್ಚಿಮದ ಗೋಡೆಯ ಮೇಲಿನ ಯುದ್ಧಚಿತ್ರವನ್ನು ಮರೆತಿರಲಾರರು. ಕೆಂಪು ಅಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಗಾಯಗೊಂಡ ಆಂಗ್ಲ ಸೇನಾಪತಿ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತಲೂ ಮೈಸೂರಿನ ಕುದುರೆ ಸವಾರರು. ಅದು ೧೭೮೦ರ ಸೆಪ್ಟೆಂಬರ್ ೧೦ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ನಡೆದ ಕಾಳಗ. ಆ ಚೌಕದೊಳಗೆ ನಿಂತು ಹೋರಾಡಿದವರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂದು ಪಟಾಲಮಿಗೆ ಸೇರಿದ ಎರಡು ತುಕಡಿಗಳಿದ್ದುವು. ಅವುಗಳಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಕ್ಯಾಪ್ಟನ್ ಇದ್ದನು. ಅವನೇ ನಮ್ಮ ಇಂದಿನ ಲೇಖನದ ನಾಯಕ ಡೇವಿಡ್ ಬೇಯರ್ಡ್.

ಬೇಯರ್ಡನು ಹುಟ್ಟಿದುದು ೧೭೫೭ರ ಡಿಸೆಂಬರ್ ೬ರಂದು, ಸ್ಕಾಟ್ಲೆಂಡಿನ ನ್ಯೂಬೈತ್ ಎಂಬಲ್ಲಿ. ಹದಿನೈದನೆಯ ವಯಸ್ಸಿಗೇ ದಂಡಿಗೆ ಸೇರಿದನು. ಎತ್ತರದ ಆಳು, ಗಟ್ಟಿಮುಟ್ಟಾದ ಮೈ, ಅದಕ್ಕೆ ತಕ್ಕ ಮುಂಗೋಪ. ೧೭೭೭-೭೮ರಲ್ಲಿ ಲಾರ್ಡ್ ಮೆಕ್ಲೌಡನು ಹೊಸ ಪಟಾಲಮೊಂದನ್ನು ಕಟ್ಟಿದಾಗ ಬೇಯರ್ಡನು ಅದರಲ್ಲಿ ಕ್ಯಾಪ್ಟನ್ ಆದನು.

ಈ ಮೆಕ್ಲೌಡನ ಕಥೆಯೂ ವಿಚಿತ್ರವಾದುದು. ೧೭೪೫ರ ದಂಗೆಯಲ್ಲಿ ಅವನೂ ಅವನ ತಂದೆಯೂ ಇಂಗ್ಲೆಂಡಿನ ದೊರೆಯ ವಿರುದ್ಧ ಕತ್ತಿ ಹಿಡಿದು ಸೋತು ಜಹಗೀರನ್ನು ಕಳೆದುಕೊಂಡಿದ್ದರು. ಅವನು ಪರದೇಶಕ್ಕೆ ಹೋಗಿ ಸ್ವೀಡನ್ ದೇಶದ ಸೈನ್ಯದಲ್ಲಿ ದುಡಿದು, ಮುಪ್ಪು ಸಮೀಪಿಸಿದಾಗ ಹಿಂದಿರುಗಿ, ಯಾವ ದೊರೆತನದ ವಿರುದ್ಧ ಬಂಡೆದ್ದಿದ್ದನೋ ಅದಕ್ಕೇ ತನ್ನ ಸೀಮೆಯ ಆಳುಗಳನ್ನು ಕೂಡಿಸಿಕೊಟ್ಟನು. ೭೩ನೆಯ ರೆಜಿಮೆಂಟ್ ಎಂದು ಆಗ ಕರೆಸಿಕೊಂಡ ಆ ಪಟಾಲಮಿನ ಬಹುಮಂದಿ ಮಲೆನಾಡಿನ ಬಡಮಕ್ಕಳು. ಅವರಲ್ಲಿ ಎಷ್ಟೋ ಜನರ ಮನೆಮಾತು ಇಂಗ್ಲಿಷು ಅಲ್ಲ, ಗೇಲಿಕ್. ಹೊಟ್ಟೆಯ ಪಾಡಿಗಾಗಿ ಬೆಟ್ಟವನ್ನು ಬಿಟ್ಟು ಬಂದು, ಅನ್ಯಭಾಷೆಯ ಅಪ್ಪಣೆಗಳನ್ನು ಕಲಿತು, ಹೆಸರನ್ನೂ ಕೇಳದ ನಾಡಿಗೆ ಹಡಗು ಹತ್ತಿದವರು. ಊರು ಬಿಟ್ಟು ದುಡಿಯುವುದೆಂದರೇನೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ೧೭೮೦ರ ಜನವರಿಯಲ್ಲಿ ಅವರು ಮದರಾಸಿನಲ್ಲಿ ಇಳಿದರು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಹೈದರಾಲಿಯು ಘಟ್ಟವನ್ನಿಳಿದು ಕರ್ನಾಟಿಕ ಸೀಮೆಯ ಮೇಲೆ ಬಿದ್ದನು. ಮದರಾಸಿನ ಕುಂಪಣಿಯವರು ಅವನೊಡನೆ ಮಾಡಿಕೊಂಡಿದ್ದ ಒಪ್ಪಂದವನ್ನು ನಡೆಸಿಕೊಟ್ಟಿರಲಿಲ್ಲ. ಅವನ ಸಿಟ್ಟಿಗೆ ಕಾರಣವಿತ್ತು. ಕರ್ನಲ್ ಬೇಲಿಯ ದಂಡು ಉತ್ತರದಿಂದ ಬರುತ್ತಿತ್ತು; ಪ್ರಧಾನ ಸೇನಾಪತಿ ಹೆಕ್ಟರ್ ಮನ್ರೋ ಕಂಚಿಯಲ್ಲಿದ್ದನು. ನಡುವೆ ಇದ್ದುದು ಕೆಲವೇ ಹರಿದಾರಿ. ಮನ್ರೋ ತಾನು ಹೊರಡದೆ ಬೇಲಿಗೆ ಸುಮಾರು ಸಾವಿರ ಜನರ ನೆರವನ್ನು ಕಳುಹಿಸಿದನು. ಬೇಯರ್ಡನ ತುಕಡಿ ಆ ಗುಂಪಿನಲ್ಲಿತ್ತು. ಮರುದಿನ ಬೆಳಗ್ಗೆ ಮೊದಲು ಟೀಪುವೂ ಅನಂತರ ಹೈದರನೂ ಅವರನ್ನು ಸುತ್ತುವರಿದರು. ಮೈಸೂರಿನ ಬಾಣಗಳು, ಎಂದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟುಗಳು, ಫಿರಂಗಿಯ ಗುಂಡುಗಳೊಡನೆ ಸುರಿದುವು. ಮದ್ದಿನ ಬಂಡಿಗಳು ಸಿಡಿದುವು. ಮದ್ದು ಮುಗಿದ ಮೇಲೆ ಸಂಗೀನು, ಸಂಗೀನು ಮುರಿದ ಮೇಲೆ ಬರಿಗೈ. ಕಂಚಿಯಿಂದ ಮನ್ರೋ ಬರಲಿಲ್ಲ. ಶರಣಾದ ಬಳಿಕವೂ ನಡೆದ ಕೊಲೆಯನ್ನು ಹೈದರನ ದಂಡಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಅಡ್ಡ ಬಂದು ನಿಲ್ಲಿಸದಿದ್ದರೆ ಸೆರೆಯಾಳುಗಳೇ ಇರುತ್ತಿರಲಿಲ್ಲವೋ ಏನೋ. ತಲೆಗೆ ಕತ್ತಿಯ ಏಟು, ತೋಳಿಗೆ ಭರ್ಜಿಯ ತಿವಿತ, ತೊಡೆಯಲ್ಲಿ ಗುಂಡು: ಇಷ್ಟನ್ನೂ ಹೊತ್ತು ಹೆಣಗಳ ನಡುವೆ ಬಿದ್ದಿದ್ದ ಬೇಯರ್ಡನು ಹೇಗೋ ಫ್ರೆಂಚರ ಬಿಡಾರವನ್ನು ಸೇರಿದನು. ಅಲ್ಲಿಂದ ಹೈದರನ ವಶಕ್ಕೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ.

ಇಂದು ಅಲ್ಲಿ ಬೇಲಿಯ ಹೆಸರಿನ ನೆಲಮಾಳಿಗೆಯೊಂದನ್ನು ತೋರಿಸುತ್ತಾರೆ. ಅಧಿಕಾರಿಗಳೆಲ್ಲರೂ ಅದರಲ್ಲಿಯೇ ಇದ್ದರೆಂದು ನಾವು ನಂಬಲಾರೆವು. ಸೆರೆಯಲ್ಲಿದ್ದವರು ಬರೆದಿಟ್ಟ ದಿನಚರಿಗಳಲ್ಲಿ ಕಾಣುವುದು ನಡುವೆ ಅಂಗಳ, ಸುತ್ತ ಎತ್ತರದ ಗೋಡೆ, ಗೋಡೆಗೆ ಒರಗಿದ ಸಾಲು ಕೊಟ್ಟಿಗೆಗಳು. ಆದರೆ ಬೇಡಿಯಂತೂ ನಿಜ, ರೋಗವೂ ನಿಜ. ಬೇಡಿಗಳನ್ನು ತಂದ ದಿನ ಬೇಯರ್ಡನ ತೊಡೆಯ ಗಾಯ ಇನ್ನೂ ಬಾಯ್ತೆರೆದುಕೊಂಡಿತ್ತು. ಆ ಕಾಲಿಗೆ ಕಬ್ಬಿಣ ತೊಡಿಸಿದರೆ ಸಾವೇ ಸರಿಯೆಂದು ಜತೆಯವರು ಬೇಡಿಕೊಂಡರು. ತಂದಿರುವ ಬೇಡಿಗಳು ತಲೆಗೊಂದರಂತೆ ಲೆಕ್ಕಕ್ಕೆ ಸರಿಯಾಗಿವೆ, ಎಲ್ಲವನ್ನೂ ತೊಡಿಸಲೇಬೇಕು ಎಂದು ಕಾವಲಿನ ಅಧಿಕಾರಿ ಹೇಳಿದನು. ಆಗ ಕ್ಯಾಪ್ಟನ್ ಲ್ಯೂಕಸ್ ಎಂಬುವನು ಮುಂದೆ ಬಂದು, ಬೇಯರ್ಡನ ಪಾಲಿನ ಬೇಡಿಯನ್ನೂ ತನ್ನ ಕಾಲಿಗೇ ಹಾಕಿರೆಂದನು. ಆ ಅಧಿಕಾರಿಯ ಮನಸ್ಸು ಕರಗಿ, ಬೇಯರ್ಡನಿಗೆ ಗಾಯ ಮಾಯುವವರೆಗೆ ಬಿಡುವು ದೊರೆಯಿತೆಂದು ಅವನ ಚರಿತ್ರೆಯಲ್ಲಿ ಹೇಳಿದೆ. ಕಾಲು ಗುಣವಾದ ಮೇಲೆ ಅವನಿಗೂ ಬೇಡಿ ತಪ್ಪಲಿಲ್ಲ. ಲ್ಯೂಕಸನು ಬಿಡುಗಡೆಯನ್ನು ಕಾಣದೆ ಸೆರೆಯಲ್ಲಿಯೇ ಸತ್ತನು. ಬೇಯರ್ಡನ ಹೆಸರು ಚರಿತ್ರೆಯ ಪುಟಗಳಲ್ಲಿ ಹತ್ತೆಂಟು ಕಡೆ ಬರುತ್ತದೆ. ಲ್ಯೂಕಸನದು ಈ ಒಂದೇ ಕಡೆ.

ಸೆರೆಯಾಳುಗಳನ್ನು ಇಬ್ಬಿಬ್ಬರನ್ನಾಗಿ ಒಂದೇ ಸರಪಳಿಗೆ ಕಟ್ಟುತ್ತಾರೆಂಬ ಸುದ್ದಿ ಸ್ಕಾಟ್ಲೆಂಡನ್ನು ಮುಟ್ಟಿದಾಗ, ತಮ್ಮ ಡೇವಿಯ ಜತೆಗೆ ಕಟ್ಟಿಸಿಕೊಂಡ ಆ ಇನ್ನೊಬ್ಬನ ಪಾಡೇನು ಎಂದು ಅವನ ತಾಯಿ ಮರುಗಿದಳಂತೆ. ಮಗನ ಸ್ವಭಾವವನ್ನು ಹೆತ್ತವಳು ಅರಿತಿದ್ದಳು.

ಬೇಲಿಯು ೧೭೮೨ರ ನವೆಂಬರಿನಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಮರುತಿಂಗಳು ದೂರದ ಚಿತ್ತೂರಿನ ಬಳಿ ದಂಡಿನ ಬಿಡಾರದಲ್ಲಿ ಹೈದರನೂ ಕಾಲವಾದನು. ಅಧಿಕಾರಿಗಳಿಗಿಂತ ಸಾಮಾನ್ಯ ಸಿಪಾಯಿಗಳ ಪಾಡು ಕಷ್ಟತರವಾಗಿತ್ತು; ಅವರಲ್ಲಿ ಎಳೆಯರನ್ನು ಬಲವಂತದಿಂದ ಮತಾಂತರಿಸಿ ಮೈಸೂರಿನ ದಂಡಿಗೆ ಸೇರಿಸಿಕೊಂಡರು, ಕೆಲವರು ಎಂದೂ ಹಿಂದಿರುಗಲಿಲ್ಲ. ೧೭೮೪ರ ಮಾರ್ಚ್ ೧೧ರ ಮಂಗಳೂರಿನ ಒಪ್ಪಂದದಿಂದ ಬಾಗಿಲು ತೆರೆಯಿತು. ಮೂರೂವರೆ ವರ್ಷದ ಮೇಲೆ ಬೇಯರ್ಡನು ಬೇಡಿ ಕಳಚಿಸಿಕೊಂಡು ಮದರಾಸಿಗೆ ನಡೆದನು. ಇತ್ತ ಅವನ ಪಟಾಲಮಿಗೆ ೧೭೮೬ರಲ್ಲಿ ಸಂಖ್ಯೆ ಬದಲಾಗಿ ೭೧ನೆಯದೆಂದಾಯಿತು. ಕಾರ್ನ್‌ವಾಲಿಸನ ಕಾಲದ ಯುದ್ಧದಲ್ಲಿ, ೧೭೯೧ರ ಅಕ್ಟೋಬರಿನಲ್ಲಿ ನಂದಿದುರ್ಗದ ಕಡಿದಾದ ಗೋಡೆಯನ್ನು ಹತ್ತಿದವರಲ್ಲಿ ಇದೇ ೭೧ರವರಿದ್ದರು. ೧೭೯೭ರಲ್ಲಿ ಆ ಪಟಾಲಮು ಸ್ವದೇಶಕ್ಕೆ ಮರಳುವಾಗ ಗಟ್ಟಿ ಆಳುಗಳನ್ನು ಇಲ್ಲಿಯೇ ಉಳಿಸಿಕೊಂಡು ೭೩ ಮತ್ತು ೭೪ನೆಯ ರೆಜಿಮೆಂಟುಗಳಿಗೆ ಹಂಚಿದರು. ಬರಿಯ ಬಾವುಟವೂ ಅಧಿಕಾರಿಗಳೂ ಮುದುಕರೂ ಊರು ಕಂಡರು.

೧೭೯೯ರಲ್ಲಿ ಬೇಯರ್ಡನು ಮೇಜರ್ ಜನರಲ್ ಆಗಿ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತನು. ಕೋಟೆಗೆ ಲಗ್ಗೆ ಹತ್ತುವ ಕೆಲಸವನ್ನು ತಾನಾಗಿ ಕೇಳಿ ಪಡೆದನು. ಮೇ ೪ರ ಮಧ್ಯಾಹ್ನ, ಬಿಸಿಲು ನೆತ್ತಿಗೇರಿ ಕೋಟೆಯವರು ಊಟದ ಹೊತ್ತಿನಲ್ಲಿದ್ದಾಗ, ಕಂದಕದಿಂದ ಮೇಲೆದ್ದು ಕತ್ತಿ ಹಿರಿದನು. ಅವನ ಹಿಂದೆ ನಾಲ್ಕು ಸಾವಿರಕ್ಕೂ ಮಿಕ್ಕ ಜನ, ಬಿಳಿಯರೂ ನಮ್ಮ ನಾಡಿನ ಸಿಪಾಯಿಗಳೂ. ಬೇಸಿಗೆಯ ಕಾವೇರಿಯ ಬಂಡೆಗಳ ಮೇಲೆ ಎಡವುತ್ತ ದಾಟಿ, ಕೆಲವೇ ನಿಮಿಷಗಳಲ್ಲಿ ಗೋಡೆಯ ಬಿರುಕಿನ ಮೇಲೆ ಬಾವುಟವನ್ನು ನೆಟ್ಟರು. ಅಲ್ಲಿಂದ ಎರಡು ಸಾಲಾಗಿ ಒಡೆದು ಕೋಟೆಗೋಡೆಯ ಮೇಲೆಯೇ ಓಡಿದರು. ೭೩ ಮತ್ತು ೭೪ರವರಿದ್ದುದು ಬಲಗಡೆಯ ಸಾಲಿನಲ್ಲಿ. ಎಡಗಡೆಯವರಿಗೆ ಎದುರಾಗಿ ಸ್ವತಃ ಟೀಪುವೇ ಬಂದೂಕು ಹಿಡಿದು ನಿಂತಿದ್ದನು.

ಸಂಜೆಯ ಹೊತ್ತಿಗೆ ಬೇಯರ್ಡನು ಅರಮನೆಯ ಬಾಗಿಲಿಗೆ ಬಂದನು. ಮುತ್ತಿಗೆಯ ಕಾಲದಲ್ಲಿ ಸೆರೆ ಸಿಕ್ಕಿದ್ದ ಆಂಗ್ಲ ಸಿಪಾಯಿಗಳನ್ನು ಕೊಂದಿದ್ದರೆಂಬ ವಾರ್ತೆ ಆಗತಾನೆ ಕಿವಿಗೆ ಬಿದ್ದು ಅವನು ಕೆಂಡವಾಗಿದ್ದನು. ಒಳಗಿನಿಂದ ಟೀಪುವಿನ ಇಬ್ಬರು ಎಳೆಯ ಮಕ್ಕಳನ್ನು ಕರೆತಂದರು. ಇದೇ ಊರಿನಲ್ಲಿ ಸರಪಳಿ ಎಳೆದವನು, ಕೈಯಲ್ಲಿ ಕತ್ತಿ, ಹಿಂದೆ ರಕ್ತದ ರುಚಿ ಕಂಡ ಸೈನ್ಯ. ಬೇಯರ್ಡನು ಹುಡುಗರ ಕೈ ಹಿಡಿದು, ಕೂದಲೂ ಕೊಂಕದೆಂದು ಭರವಸೆಯಿತ್ತು, ಅಧಿಕಾರಿಗಳ ಕಾವಲಿನಲ್ಲಿ ಬಿಡಾರಕ್ಕೆ ಕಳುಹಿಸಿದನು. ಅವನ ಎಲ್ಲ ಗೆಲವುಗಳಲ್ಲಿಯೂ ನಮಗೆ ಮೆಚ್ಚಿಕೆಯಾಗುವುದು ಈ ಒಂದು ಗಳಿಗೆ. ಕುಂಪಣಿಯ ಯುದ್ಧ ನ್ಯಾಯದ್ದೆಂದು ನಾವು ಹೇಳುತ್ತಿಲ್ಲ. ಮನುಷ್ಯನ ಮಾತನ್ನು ಹೇಳುತ್ತಿದ್ದೇವೆ. ಆ ಬಳಿಕ ದೀವಟಿಗೆಯ ಬೆಳಕಿನಲ್ಲಿ ಉತ್ತರದ ಬಾಗಿಲ ಇಕ್ಕಟ್ಟಿನಲ್ಲಿ ಹೆಣಗಳ ರಾಶಿಯನ್ನು ಹುಡುಕಿ ಟೀಪುವಿನ ದೇಹವನ್ನು ಕಂಡರು. ಅದು ಇನ್ನೂ ಬೆಚ್ಚಗಿತ್ತು. ಮರುದಿನ ಅದನ್ನು ಹೈದರನ ಪಕ್ಕದಲ್ಲಿ ಸೈನ್ಯದ ಮರ್ಯಾದೆಯೊಡನೆ ಸಮಾಧಿ ಮಾಡಿದರು.

ಅದೇ ದಿನ ಬೆಳಗ್ಗೆ ಇನ್ನೊಂದು ಸಂಗತಿ ನಡೆಯಿತು. ಬೇಯರ್ಡನು ಅರಮನೆಯಲ್ಲಿ ಉಪಾಹಾರಕ್ಕೆ ಕುಳಿತಿದ್ದಾಗ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಜ್ಞಾಪತ್ರವನ್ನು ಹಿಡಿದು ಒಳಬಂದನು: ಪಟ್ಟಣದ ಅಧಿಕಾರ ಇನ್ನು ತನ್ನದು. ದಣಿದ ಸೈನ್ಯಕ್ಕೆ ಬದಲಿಯನ್ನು ಬೇಯರ್ಡನೇ ಕೇಳಿದ್ದುದು ನಿಜ. ಆದರೆ ಬಂದವನು ಅವನಿಗಿಂತ ಕಿರಿಯ, ಮೇಲಾಗಿ ಗವರ್ನರ್ ಜನರಲನ ತಮ್ಮ. ದುಡಿದವನೊಬ್ಬ, ಗದ್ದುಗೆ ಇನ್ನೊಬ್ಬನಿಗೆ. ಕಚೇರಿಯಲ್ಲಿ ಕುಳಿತು ಇದನ್ನು ಓದುವವರು ಇಲ್ಲಿ ತುಸು ನಕ್ಕರೆ ನಾವು ತಪ್ಪೆನ್ನುವುದಿಲ್ಲ. ಬೇಯರ್ಡನು ಕುದಿದು ದೂರು ಬರೆದನು, ಫಲವಾಗಲಿಲ್ಲ. ಮುಂಗೋಪಿಯೂ ನಮ್ಮ ಜನರ ಮೇಲೆ ಹಳೆಯ ಕಹಿಯುಳ್ಳವನೂ ಆದ ಅವನಿಗಿಂತ ವೆಲ್ಲೆಸ್ಲಿ ಆಡಳಿತಕ್ಕೆ ತಕ್ಕವನೆಂದು ವಾದಿಸಿದವರಿದ್ದಾರೆ. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಸೈನ್ಯವು ಬೇಯರ್ಡನಿಗೆ ಟೀಪುವಿನ ಖಡ್ಗವೊಂದನ್ನು ಕಾಣಿಕೆಯಾಗಿತ್ತಿತು. ಲೂಟಿಯ ಹಣ ಹಂಚಿದಾಗ ಪ್ರಧಾನ ಸೇನಾಪತಿ ಹ್ಯಾರಿಸನಿಗೆ ೧,೪೨,೦೦೦ ಪೌಂಡಿಗೂ ಮಿಕ್ಕ ಪಾಲು ಬಂದಿತು. ಬಿರುಕನ್ನು ಹತ್ತಿದ ಬಿಳಿಯ ಸಿಪಾಯಿಗೆ ಸುಮಾರು ೭ ಪೌಂಡು. ಅವನ ಪಕ್ಕದಲ್ಲಿಯೇ ಹತ್ತಿದ ನಮ್ಮವನಿಗೆ ಅದಕ್ಕೂ ಕಡಮೆ.

೧೮೦೧ರಲ್ಲಿ ಬೇಯರ್ಡನು ಮುಂಬಯಿಯಿಂದ ಹಡಗು ಹತ್ತಿ, ಭಾರತದ ಸಿಪಾಯಿಗಳೊಡನೆ ಕೆಂಪು ಸಮುದ್ರವನ್ನು ಹಾಯ್ದು ಕೊಸೈರ್ ಬಂದರಿನಲ್ಲಿಳಿದು, ಸುಡುವ ಮರುಭೂಮಿಯನ್ನು ಕಾಲ್ನಡಿಗೆಯಲ್ಲಿ ದಾಟಿ ನೈಲ್ ನದಿಯನ್ನು ಸೇರಿದನು. ಅವನು ಅಲೆಕ್ಸಾಂಡ್ರಿಯದ ಬಳಿಗೆ ಬರುವ ಹೊತ್ತಿಗೆ ಅಲ್ಲಿಯ ಫ್ರೆಂಚರು ಶರಣಾಗುತ್ತಿದ್ದರು. ೧೮೦೬ರ ಜನವರಿ ೮ರಂದು ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಡಚ್ಚರಿಂದ ಗೆದ್ದುಕೊಂಡ ಕಾಳಗದಲ್ಲಿ ಅವನ ಹಳೆಯ ೭೧ನೆಯ ಪಟಾಲಮು ಅವನ ಕೈಕೆಳಗೇ ಇತ್ತು. ಅಲ್ಲಿ ಅವನು ದೊಡ್ಡ ತಪ್ಪು ಮಾಡಿದನು. ನೌಕಾಧಿಕಾರಿ ಪಾಪ್ಹ್ಯಾಮನ ಮಾತಿಗೆ ಮರುಳಾಗಿ, ಸರಕಾರದ ಅಪ್ಪಣೆಯಿಲ್ಲದೆಯೇ ಆ ಪಟಾಲಮನ್ನು ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದ ಮೇಲೆ ಕಳುಹಿಸಿದನು. ಜೂನಿನಲ್ಲಿ ನಗರ ಕೈವಶವಾಯಿತು. ಆಗಸ್ಟ್ ೧೨ರಂದು ಊರಿನ ಜನರೇ ತಿರುಗಿಬಿದ್ದು ೭೧ರವರನ್ನು ಸೆರೆಹಿಡಿದರು. ಸೆರೆಯೆಂದರೇನೆಂದು ಬಲ್ಲವನೇ ತನ್ನವರನ್ನು ಮತ್ತೊಂದು ಸೆರೆಗೆ ದೂಡಿದಂತಾಯಿತು. ಅವರಿಂದ ಕಿತ್ತುಕೊಂಡ ಬಾವುಟಗಳು ಆ ನಗರದ ಸಾಂಟೊ ಡೊಮಿಂಗೊ ದೇವಾಲಯದಲ್ಲಿ ಇಂದಿಗೂ ಇವೆ. ಬೇಯರ್ಡನನ್ನು ಹಿಂದಕ್ಕೆ ಕರೆಸಿಕೊಂಡರು.

ಕೊನೆಯ ಯುದ್ಧ ಸ್ಪೇನಿನದು. ೧೮೦೯ರ ಜನವರಿ ೧೬ರಂದು ಕೊರುನ್ನದಲ್ಲಿ ಅವನ ಎಡತೋಳು ಗುಂಡಿಗೆ ನುಚ್ಚುನೂರಾಯಿತು. ಹಡಗಿನ ಮೇಲೆ ಅದನ್ನು ಭುಜದವರೆಗೆ ಕತ್ತರಿಸಿದರು. ಅವನು ನರಳಲಿಲ್ಲವೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ರಣರಂಗಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ಕೀರ್ತಿಯೆಲ್ಲ ವೆಲ್ಲಿಂಗ್ಟನ್ ಎಂದು ಹೆಸರಾದ ಆ ವೆಲ್ಲೆಸ್ಲಿಗೇ ಹೋಯಿತು. ವರ್ಷಗಳ ಬಳಿಕ ಹಳೆಯ ಗೆಳೆಯ ಮಾಲ್ಕಮನು ಭೇಟಿಯಾದಾಗ, ಅಂಥವನೊಡನೆ ತನ್ನನ್ನು ಒಂದು ಕಾಲಕ್ಕೆ ತೂಗಿನೋಡಿದ್ದರೆಂಬುದೇ ತನಗೀಗ ಹೆಮ್ಮೆ ಎಂದು ಬೇಯರ್ಡನು ಹೇಳಿದನಂತೆ. ಅಷ್ಟು ಹೇಳಲು ಅವನಿಗೆ ಹದಿನಾಲ್ಕು ವರ್ಷ ಹಿಡಿದಿತ್ತು.

೧೮೧೦ರಲ್ಲಿ ಮದುವೆಯಾಗಿ, ಕೆಲಕಾಲ ಐರ್ಲೆಂಡಿನ ಸೇನಾಪತಿಯಾಗಿದ್ದು, ೧೮೨೯ರ ಆಗಸ್ಟ್ ೧೮ರಂದು ಕ್ರೀಫ್ ಊರಿನ ಬಳಿಯ ಫರ್ನ್‌ಟವರ್ ಎಂಬ ಹೆಂಡತಿಯ ಜಹಗೀರಿನಲ್ಲಿ ಅವನು ತೀರಿಕೊಂಡನು. ವಿಧವೆಯು ಅಲ್ಲಿನ ಗುಡ್ಡದ ಮೇಲೆ ಅವನ ನೆನಪಿಗೆ ಕಲ್ಲಿನ ಕಂಬವನ್ನು ನಿಲ್ಲಿಸಿದಳು. ಡೇವಿಡ್ ವಿಲ್ಕಿ ಎಂಬ ಹೆಸರಾಂತ ಚಿತ್ರಕಾರನಿಂದ ಒಂದು ದೊಡ್ಡ ಚಿತ್ರವನ್ನೂ ಬರೆಯಿಸಿದಳು. ೧೮೩೯ರಲ್ಲಿ ಮುಗಿದ ಆ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ: ದೀವಟಿಗೆಯ ಬೆಳಕಿನಲ್ಲಿ ಬೇಯರ್ಡನು ಕೈಯೆತ್ತಿ ನಿಂತಿದ್ದಾನೆ, ಕೆಳಗೆ ಟೀಪು ಮಲಗಿದ್ದಾನೆ, ಜನರಲನ ಕಾಲಬಳಿಯಲ್ಲಿ ಸೆರೆಮನೆಯ ಕಬ್ಬಿಣದ ಜಾಲರಿಯೊಂದು ಕಾಣುತ್ತದೆ. ಅವನ ೭೧ನೆಯ ಪಟಾಲಮು ೧೮೮೧ರಲ್ಲಿ ೭೪ರೊಡನೆ ಕೂಡಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯೆಂದಾಯಿತು. ೧೯೫೯ರಲ್ಲಿ ಅದೂ ಇನ್ನೊಂದು ರೆಜಿಮೆಂಟಿನಲ್ಲಿ ಬೆರೆತುಹೋಯಿತು. ಬೇಲಿಗೆ ಅವನ ಬಂಧುವೊಬ್ಬನು ೧೮೧೬ರಲ್ಲಿ ಕಟ್ಟಿಸಿದ ಸ್ಮಾರಕ ಶ್ರೀರಂಗಪಟ್ಟಣದಲ್ಲಿ ಗುಂಬಜಿನ ಸಮೀಪದಲ್ಲಿದೆ. ಗುಂಬಜನ್ನು ನೋಡಿ ಹಿಂದಿರುಗುವಾಗ ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಕಾಣಬಹುದು.