ಹರಿವಿನ ಜಾಡು ಹಿಡಿದ ಎಂಜಿನಿಯರ್



ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿಯ ಬೀದಿಗಳಲ್ಲಿ ಈಗಲೂ ಒಮ್ಮೊಮ್ಮೆ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ ಕಾಣಸಿಗುತ್ತದೆ. ಇಂಥ ಗಾಡಿ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಕೆಲವೊಮ್ಮೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಆಗ ಒಳ್ಳೆಯ ಮೆಕ್ಯಾನಿಕ್ ಏನು ಮಾಡುತ್ತಾರೆ? ಸಿಕ್ಕ ಸಿಕ್ಕ ಭಾಗವನ್ನೆಲ್ಲ ಬಿಚ್ಚುವುದಿಲ್ಲ. ಪೆಟ್ರೋಲ್ ಹೊರಡುವ ಜಾಗದಿಂದ ಅದು ಸೇರಬೇಕಾದ ಜಾಗದವರೆಗೆ ಒಂದೊಂದೇ ಹೆಜ್ಜೆ ಪರೀಕ್ಷಿಸುತ್ತಾ ಹೋಗುತ್ತಾರೆ.

ಚಾಮರಾಜಪೇಟೆ, ಬಸವನಗುಡಿಗಳಿಗೆ ಹೊಂದಿಕೊಂಡೇ ವಿಶ್ವೇಶ್ವರಪುರ ಎಂಬ ಬಡಾವಣೆ ಇದೆ. ಆ ಹೆಸರು ಬಂದದ್ದು ಸರ್ ಎಂ. ವಿಶ್ವೇಶ್ವರಯ್ಯನವರಿಂದ. ಮೆಕ್ಯಾನಿಕ್ ಪೆಟ್ರೋಲಿನ ಜಾಡು ಹಿಡಿಯುವಂತೆ, ನೀರಿನ ಜಾಡು ಹಿಡಿದು ನಡೆದವರು ಅವರು. ಬನ್ನಿ, ಬೈಕಿನ ಪೆಟ್ರೋಲ್ ದಾರಿಯನ್ನೂ ಅವರ ಬದುಕಿನ ದಾರಿಯನ್ನೂ ಒಟ್ಟಿಗೆ ನೋಡೋಣ.

ಕಲಿಕೆಯ ದಿನಗಳು

ವಿಶ್ವೇಶ್ವರಯ್ಯ 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ದೊರೆಯಿತು. ಮಕ್ಕಳಿಗೆ ಮನೆಪಾಠ ಹೇಳಿ ಖರ್ಚಿಗೆ ಸಂಪಾದಿಸುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಕೆಸರು ತಡೆದ ಮರಳು

ಈಗ ಬೈಕಿನ ಕಡೆಗೆ ಬರೋಣ. ಹಳೆಯ ಬೈಕಿನಲ್ಲಿ ಟ್ಯಾಂಕು ಮೇಲಿರುತ್ತದೆ, ಕಾರ್ಬ್ಯುರೇಟರ್ ಕೆಳಗಿರುತ್ತದೆ. ಗುರುತ್ವದಿಂದಲೇ ಪೆಟ್ರೋಲ್ ನಲ್ಲಿಯ ಮೂಲಕ ಕೆಳಗಿಳಿಯುತ್ತದೆ, ಪಂಪು ಬೇಕಿಲ್ಲ. ಆದರೆ ವರ್ಷಗಳು ಕಳೆದಂತೆ ಟ್ಯಾಂಕಿನ ಒಳಗೆ ತುಕ್ಕು, ಕೆಸರು ಸೇರುತ್ತವೆ. ಅವನ್ನು ತಡೆಯಲು ನಲ್ಲಿಯ ಬಳಿ ಸಣ್ಣ ಜಾಲರಿ ಇರುತ್ತದೆ. ಜಾಲರಿಯೇ ಕಟ್ಟಿಕೊಂಡರೆ ಪೆಟ್ರೋಲ್ ಧಾರೆ ಸಣ್ಣದಾಗುತ್ತದೆ. ಆಗ ಮೆಕ್ಯಾನಿಕ್ ಕೊಳವೆಯ ತುದಿ ಬಿಚ್ಚಿ, ಧಾರೆ ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಾರೆ.

1890ರ ದಶಕದಲ್ಲಿ ವಿಶ್ವೇಶ್ವರಯ್ಯನವರಿಗೂ ಇಂಥದೇ ಕೆಸರಿನ ಸಮಸ್ಯೆ ಎದುರಾಯಿತು. ಈಗ ಪಾಕಿಸ್ತಾನದಲ್ಲಿರುವ ಸುಕ್ಕೂರು ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಬೇಕಿತ್ತು. ಪಕ್ಕದಲ್ಲೇ ಸಿಂಧೂ ನದಿ ಇದ್ದರೂ ನೀರೆಲ್ಲ ಬಗ್ಗಡ. ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಲು ಊರಿನ ಬಳಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ನಡುವೆ ಜಿನುಗಿ ಬಾವಿ ಸೇರಿದ ನೀರು ತಿಳಿಯಾಗಿತ್ತು. ನದಿಯ ಮರಳೇ ಜಾಲರಿಯಾಯಿತು!

ತೇಲುವ ಡಬ್ಬಿಯ ಕಾವಲು

ಜಾಲರಿ ದಾಟಿದ ಪೆಟ್ರೋಲ್ ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿಗೆ ಬರುತ್ತದೆ. ಅಲ್ಲಿ ಹಗುರವಾದ ಒಂದು ಟೊಳ್ಳು ಡಬ್ಬಿ ತೇಲುತ್ತಿರುತ್ತದೆ. ಅದರ ಹೆಸರು ಫ್ಲೋಟ್. ಪೆಟ್ರೋಲ್ ಮಟ್ಟ ಏರಿದಂತೆ ಡಬ್ಬಿಯೂ ಏರಿ, ಒಂದು ಸೂಜಿಯನ್ನು ಒತ್ತಿ ಒಳಬರುವ ದಾರಿಯನ್ನು ಮುಚ್ಚುತ್ತದೆ. ಮಟ್ಟ ಇಳಿದರೆ ಡಬ್ಬಿ ಇಳಿದು ದಾರಿ ತೆರೆಯುತ್ತದೆ. ಸೂಜಿಯ ತುದಿಯಲ್ಲಿ ಕಸ ಸಿಕ್ಕಿಕೊಂಡರೆ ಅಥವಾ ಡಬ್ಬಿ ತೂತಾಗಿ ಮುಳುಗಿದರೆ ದಾರಿ ಮುಚ್ಚುವುದೇ ಇಲ್ಲ. ಪೆಟ್ರೋಲ್ ಉಕ್ಕಿ ಹೊರಚೆಲ್ಲುತ್ತದೆ. ಸೂಜಿ ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡರೆ ಬಟ್ಟಲು ಬರಿದಾಗಿ ಎಂಜಿನ್ ನಿಲ್ಲುತ್ತದೆ.

ಇಲ್ಲಿ ಗಮನಿಸಿ: ಎಷ್ಟು ಪೆಟ್ರೋಲ್ ಬಿಡಬೇಕೆಂದು ಯಾರೂ ಕಾಯುತ್ತಾ ಕೂರುವುದಿಲ್ಲ. ದ್ರವದ ಮಟ್ಟವೇ ಅದನ್ನು ತೀರ್ಮಾನಿಸುತ್ತದೆ.

ಇದೇ ತತ್ತ್ವವನ್ನು ವಿಶ್ವೇಶ್ವರಯ್ಯ ಅಣೆಕಟ್ಟಿನಷ್ಟು ದೊಡ್ಡದಾಗಿ ಬಳಸಿದರು. ಪುಣೆಯ ಬಳಿ ಖಡಕವಾಸ್ಲಾ ಜಲಾಶಯವಿದೆ. ಮಳೆಗಾಲದಲ್ಲಿ ಹೆಚ್ಚಾದ ನೀರು ಅದರ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರಿಗೆ ಕೊರತೆ. ಕೋಡಿಯ ಗೋಡೆಯನ್ನೇ ಎತ್ತರಿಸಿದರೆ ಹೆಚ್ಚು ನೀರು ನಿಲ್ಲುತ್ತದಲ್ಲವೇ ಎಂದು ನಿಮಗೆ ಅನ್ನಿಸಬಹುದು. ನಿಲ್ಲುವುದೇನೋ ನಿಜ. ಆದರೆ ದೊಡ್ಡ ಪ್ರವಾಹ ಬಂದಾಗ ನೀರು ಇನ್ನೂ ಮೇಲೇರಿ ಅಣೆಕಟ್ಟಿಗೇ ಅಪಾಯ. ಅಣೆಕಟ್ಟು ಒಡೆದರೆ ಕೆಳಗಿನ ಜನರ ಪ್ರಾಣಕ್ಕೇ ಸಂಚಕಾರ.

ಅದಕ್ಕೆ ಅವರು ಹುಡುಕಿದ ಉತ್ತರ ಸ್ವಯಂಚಾಲಿತ ಬಾಗಿಲು. 1903ರಲ್ಲಿ ಕೋಡಿಯ ಮೇಲೆ ಇಂಥ ಬಾಗಿಲುಗಳನ್ನು ಕೂರಿಸಿದರು. ಬಾಗಿಲಿನ ಭಾರಕ್ಕೆ ಸರಿದೂಗುವಂತೆ ಎದುರು ಭಾರ ಇತ್ತು. ನೀರು ಗೊತ್ತಾದ ಮಟ್ಟ ಮೀರಿದಾಗ ನೀರಿನ ಬಲದಿಂದಲೇ ಈ ಸಮತೋಲನ ಬದಲಾಗಿ ಬಾಗಿಲು ತೆರೆಯುತ್ತಿತ್ತು. ಮಟ್ಟ ಇಳಿದಾಗ ತಾನೇ ಮುಚ್ಚುತ್ತಿತ್ತು. ಹೀಗೆ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಈ ರಚನೆಗೆ ಅವರು ಪೇಟೆಂಟ್ ಪಡೆದರು. ಮುಂದೆ ನಮ್ಮ ಕೃಷ್ಣರಾಜಸಾಗರದಲ್ಲೂ ಸ್ವಯಂಚಾಲಿತ ಬಾಗಿಲುಗಳು ಬಂದವು.

ವ್ಯತ್ಯಾಸವನ್ನೂ ತಿಳಿಯಿರಿ. ಕಾರ್ಬ್ಯುರೇಟರಿನಲ್ಲಿ ಮಟ್ಟ ಏರಿದರೆ ಒಳಬರುವ ದಾರಿ ಮುಚ್ಚುತ್ತದೆ. ಅಣೆಕಟ್ಟಿನಲ್ಲಿ ಮಟ್ಟ ಏರಿದರೆ ಹೊರಹೋಗುವ ದಾರಿ ತೆರೆಯುತ್ತದೆ. ಎರಡರಲ್ಲೂ ಕಾವಲುಗಾರ ಒಬ್ಬನೇ: ದ್ರವದ ಮಟ್ಟ.

ಮೂಲದ ಕಡೆಗೆ ನೋಟ

1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಪರಿಹಾರ ಸೂಚಿಸಲು ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡರು. ಅವರು ಊರೊಳಗಿನ ನದಿಯನ್ನಷ್ಟೇ ನೋಡಲಿಲ್ಲ. ನೀರು ಎಲ್ಲಿಂದ ಬರುತ್ತದೆಂದು ಮೇಲ್ಭಾಗದ ಜಲಾನಯನ ಪ್ರದೇಶವನ್ನೆಲ್ಲ ಅಭ್ಯಾಸ ಮಾಡಿದರು. ಊರಿನ ಮೇಲೆಯೇ ಪ್ರವಾಹವನ್ನು ಹಿಡಿದಿಡುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಹೀಗೆ ಹುಟ್ಟಿದವು.

ಬೈಕಿನಲ್ಲೂ ತೊಂದರೆಯ ಮೂಲ ಕೆಲವೊಮ್ಮೆ ತೀರ ಮೇಲೆ, ಟ್ಯಾಂಕಿನ ಮುಚ್ಚಳದಲ್ಲೇ ಇರುತ್ತದೆ! ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿದೆ. ಅದು ಮುಚ್ಚಿಹೋದರೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿ ಪೆಟ್ರೋಲ್ ಇಳಿಯುವುದಿಲ್ಲ. ಗಾಡಿ ನಿಂತಾಗ ಮುಚ್ಚಳ ಸಡಿಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಓಡುತ್ತದೆ. ಆಗ ದೋಷ ಎಲ್ಲಿದೆಯೆಂದು ಮೆಕ್ಯಾನಿಕ್‌ಗೆ ತಿಳಿಯುತ್ತದೆ.

ಕೈಕಸುಬಿಗೂ ಶಾಲೆ

1909ರಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕೈಕೆಲಸ ಬಲ್ಲವರೂ ಬೇಕೆಂದು 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಸ್ಥಾಪನೆಯಾಗಲು ಕಾರಣರಾದರು. ಅದು ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ನಮ್ಮ ದೇಶದಲ್ಲೇ ಮೋಟಾರು ವಾಹನಗಳು ತಯಾರಾಗಬೇಕೆಂಬುದು ಅವರ ದೊಡ್ಡ ಆಸೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ತಯಾರಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಬೆಂಗಳೂರಿಗೆ ಆ ಕಾರ್ಖಾನೆ ಬರಲಿಲ್ಲ. 1955ರಲ್ಲಿ ಅವರಿಗೆ ಭಾರತರತ್ನ ಸಂದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್ ತಯಾರಿಕೆ 1961ರಲ್ಲಿ ಶುರುವಾದಾಗ ಅವರಿನ್ನೂ ಬದುಕಿದ್ದರು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ಬೆಂಗಳೂರಿನಲ್ಲಿ ನಿಧನರಾದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದು ತಯಾರಿಸಿದ ಗಾಡಿಗಳು ಇನ್ನೂ ಅಲ್ಲಲ್ಲಿ ಓಡುತ್ತಿವೆ.

ಮಾಡಿ ನೋಡಿ

ಪೆಟ್ರೋಲ್ ಬೇಗ ಹೊತ್ತಿಕೊಳ್ಳುವ ದ್ರವ. ನೀವು ಅದನ್ನು ಮುಟ್ಟಬೇಡಿ. ನೀರಿನಲ್ಲೇ ಪ್ರಯೋಗ ಮಾಡಿ. ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ಸಣ್ಣ ತೂತು ಮಾಡಿ, ಅದನ್ನು ಬೆರಳಿನಿಂದ ಒತ್ತಿ ಹಿಡಿದು ನೀರು ತುಂಬಿ, ಮುಚ್ಚಳ ಬಿಗಿಯಿರಿ. ಬೆರಳು ತೆಗೆದಾಗ ಏನಾಗುತ್ತದೆ? ಈಗ ಮುಚ್ಚಳ ಸಡಿಲಿಸಿ. ಏನು ಬದಲಾಯಿತು? ಕಾರಣ ಬರೆಯಿರಿ. ನಿಮ್ಮ ಶಾಲೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ನಲ್ಲಿ ಇದ್ದರೆ, ಅದರ ಕೆಲಸವನ್ನು ತೋರಿಸಿಕೊಡಲು ಶಿಕ್ಷಕರನ್ನು ಕೇಳಿ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಇದನ್ನೇ ತರಗತಿಯಲ್ಲಿ ಎಲ್ಲರಿಗೂ ವಿವರಿಸಬಹುದು.