ಗಾಂಧಾರಿಯ ಪ್ಲೇಟು, ಗಂಗೂಬಾಯಿಯ ದನಿ

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ದಾಟಿ ಹೋಗೋ ರೈಲು ಹುಬ್ಬಳ್ಳಿಗೆ ಸ್ವಲ್ಪ ಮುಂಚೆ ಕುಂದಗೋಳ ಸ್ಟೇಷನ್ ಹಾಯುತ್ತದೆ. ನಾವು ಆ ಹೊತ್ತಿಗೆ ಇಳಿಯೋಕೆ ಬ್ಯಾಗ್ ಹುಡುಕ್ತಿರ್ತೀವಿ. ಒಂದು ಕಾಲಕ್ಕೆ ಇದೇ ಹಳಿ ಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಒಬ್ಬರು ಹಾಡು ಕಲಿಯೋಕೆ ಬಂದು ಹೋಗ್ತಿದ್ದರು. ಅವರೇ ಗಂಗೂಬಾಯಿ ಹಾನಗಲ್. ಹೆಸರಿನಲ್ಲಿರೋ ಹಾನಗಲ್ ನಮ್ಮ ಹಾವೇರಿ ಜಿಲ್ಲೆಯದೇ.

ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದು ಅಂತ ತಮ್ಮ ಹಾಡನ್ನೇ ಬಿಟ್ಟರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಗಂಗೂಬಾಯಿ ಇನ್ನೂ ಚಿಕ್ಕ ಹುಡುಗಿ. ಹಾಡುವ ಹೆಣ್ಣುಮಕ್ಕಳು ಬೀದಿಯಲ್ಲಿ ನಡೆದರೆ ಹಂಗಿಸೋ ಜನ ಇದ್ದ ಕಾಲ ಅದು.

1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ಪ್ಲೇಟುಗಳನ್ನು ತಂದಿತು. ಅವುಗಳ ಮೇಲಿದ್ದ ಹೆಸರು ಗಾಂಧಾರಿ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗೋ ಪ್ಲೇಟು. ಒಂದು ಬದಿಗೆ ಸುಮಾರು 3 ನಿಮಿಷ, ಅಂದ್ರೆ 234 ಸುತ್ತು. ತಾಸುಗಟ್ಟಲೆ ಹಾಡೋ ರಾಗವನ್ನ ಅಷ್ಟರಲ್ಲೇ ಮುಗಿಸಬೇಕು. ಅದರಲ್ಲಿರೋ ದನಿ ತೆಳು, ಚೂಪು.

ಆಮೇಲೆ ಟಾನ್ಸಿಲ್ ಚಿಕಿತ್ಸೆ ಆಯ್ತು. ದನಿ ದಪ್ಪಗಾಯ್ತು, ಗಂಡಸಿನ ದನಿ ಅನ್ನಿಸೋವಷ್ಟು. 78ರ ಪ್ಲೇಟನ್ನು ತಪ್ಪಿ 33⅓ರಲ್ಲಿ ಓಡಿಸಿದರೆ ಆವರ್ತನ ಅರ್ಧಕ್ಕಿಂತ ಕೆಳಗಿಳಿದು ದನಿ ದಪ್ಪಗಾಗುತ್ತೆ ಅಂತ ನಮಗೆ ಗೊತ್ತು. ಮಷಿನ್ ಆದ್ರೆ ಸ್ವಿಚ್ ತಿರುಗಿಸಿ ಸರಿಮಾಡಬಹುದು. ಇದು ಗಂಟಲು. ಮನೆಯ ಖರ್ಚೂ ಬಹುಪಾಲು ಆ ಗಂಟಲಿನ ಮೇಲೇ ನಿಂತಿತ್ತು. ವಕೀಲರಾಗಿದ್ದ ಪತಿ ಗುರುರಾವ್ ಕೌಲಗಿಯವರ ಗಳಿಕೆ ಕೈಹಿಡಿಯಲಿಲ್ಲ.

ಅವರು ಹಳೇ ದನಿಯನ್ನ ಹುಡುಕಿಕೊಂಡು ಕೂರಲಿಲ್ಲ. ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರ ಮುಂದೆ ಒಂದೊಂದು ಸ್ವರವನ್ನೂ ತಿದ್ದಿಕೊಂಡರು. 1945ರವರೆಗೆ ಭಜನೆ, ಠುಮ್ರಿಗಳನ್ನೂ ಹಾಡುತ್ತಿದ್ದವರು ಆಮೇಲೆ ಬರೀ ಖಯಾಲಿಗೆ ನಿಂತರು. ಆ ದಪ್ಪ ದನಿಗೇ ದೇಶ ತಲೆದೂಗಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ.

ಮುಂದೆ ವಿನೈಲ್ ಎಲ್‌ಪಿ ಬಂತು. ಒಂದು ಬದಿಗೆ 20 ನಿಮಿಷ ಸಿಕ್ಕಿತು, ರಾಗಕ್ಕೆ ಉಸಿರಾಡೋಕೆ ಜಾಗ ಸಿಕ್ಕಿತು. ಜನ ಅದನ್ನೇ ಕೇಳಿದರು, ಗಾಂಧಾರಿ ಮೂಲೆ ಸೇರಿದಳು. ಇಂಥ ಹಳೇ ಪ್ಲೇಟುಗಳನ್ನ ಮತ್ತೆ ಹೊರತರೋದು ಯಾಕೆ ಬೇಕು ಅಂದ್ರೆ, ದಪ್ಪ ದನಿಯನ್ನಷ್ಟೇ ಕೇಳಿದರೆ ಅದು ಹುಟ್ಟಿನಿಂದಲೇ ಬಂದಿದ್ದು ಅನ್ಕೊಂಡುಬಿಡ್ತೀವಿ. ಅವರು ಏನು ಕಳ್ಕೊಂಡು ಏನು ಕಟ್ಟಿದರು ಅನ್ನೋದು ಗೊತ್ತಾಗಲ್ಲ. ಸರಸರ ಸದ್ದಿನ ಆ 3 ನಿಮಿಷ ಅದರ ಸಾಕ್ಷಿ.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣು ದಾನ ಮಾಡಿ ಹೋದರು. ಮೊದಲು ಗಾಂಧಾರಿಯನ್ನ, ಆಮೇಲೆ ಗಂಗೂಬಾಯಿಯನ್ನ ಕೇಳ್ರಿ. ಹೆಡ್‌ಫೋನ್ ಹಾಕ್ಕೊಂಡೇ ಕೇಳ್ರಿ.